ಕಾರಣದ ಕಾಲಂ

ಮೈಂದರ್ಗಿ ನಾಕಾದಲ್ಲಿ ನನ್ನದು ಫೋಟೋ ಕಟ್ಟುವ ಅಂಗಡಿ,
ಗೋಡೆಯಾಚೆ ಲಾಡ್ಲೇಸಾಬನ ಬ್ಯಾಟರಿ ಅಂಗಡಿ.
ನಡುವಿನ ಗೋಡೆಗೊಂದು ಕಿವಿಯಷ್ಟು ತೂತು,
ಬೆಂಕಿಪೊಟ್ಟಣ, ಬೈಗುಳ ಎಲ್ಲ ಅದರಲ್ಲೇ ಆಚೀಚೆ.

ನಮ್ಮ ಬೋರಿನ ನೀರು ಸವಳು.
ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ,
ಕೊಡದ ಕಂಠಕ್ಕೆ ಬಿಳಿ ಹಕ್ಕಳೆ.
ಬ್ಯಾಟರಿಗೆ ಹೊಯ್ದರಂತೂ ಪ್ಲೇಟು ಸತ್ತೇ ಹೋಗುತ್ತದೆ.
ಅದರ ನೀರು ಸೋಲಾಪುರದಿಂದ ಬರಬೇಕು,
ಬಸ್ಸಿನ ಟಾಪಿನ ಮೇಲೆ, ಹಮಾಲಿ ಬೇರೆ.

‘ಬಿಸಲಿಗೇನ್ ಬರಾ ಬಂದೈತೇನೋ ಚನ್ನವೀರ?
ಅದs ಕಾಸಿ ಕೊಡಲಿ ನಮಗ,’ ಅಂದ ಸಾಬ.
ತಗಡಿನ ತಟ್ಟೆಗೆ ಕಪ್ಪು ಬಳಿದ,
ತುದಿಗೆ ಸೀಳಿದ ಪೈಪು, ಪೈಪಿನ ಬಾಯಿಗೆ ಬಾಟಲಿ.
ಮೇಲೆ ಇಳಿಜಾರು ಗಾಜು ಬೇಕು.
ತೂತಿನಿಂದ ನನ್ನ ಕಡೆ ನೋಡಿದ.

ಒಂಬತ್ತು ವರ್ಷದಿಂದ ಯಾರೂ ಒಯ್ಯದ ಫೋಟೋ ಒಂದಿತ್ತು,
ನಾಲ್ಕಡಿ, ಮೂರಡಿ. ಒಂದು ಪೂರಾ ಮನೆತನ:
ಮುತ್ಯಾನ ಪಟಗಾದಿಂದ ಕೂಸಿನ ಕಾಲ್ಗಡಗದವರೆಗೆ
ಹನ್ನೊಂದು ಮಂದಿ ಮೂಲೆಗೆ ಒರಗಿ
ದಿನವೂ ನನ್ನ ಊಟ ನೋಡುತ್ತಿದ್ದರು.
ಅವರ ಮುಂದಿನ ಗಾಜು ಬಿಚ್ಚಿದೆ.
ಬಿಚ್ಚುವಾಗ ಬೇರೆ ಕಡೆ ನೋಡಿದೆ.

ಮೊದಲ ದಿನ ಮುನ್ನೂರು ಮಿಲಿ.
ಉದ್ರಿ ಪುಸ್ತಕದ ಕೊನೆಯ ಹಾಳೆಗೆ ಗೆರೆ ಎಳೆದು
ಸಾಬ ಬರೆದ: ತಾರೀಖು, ನೀರು, ಕಾರಣ.
ಮೂರನೆಯ ದಿನವೂ ಅಷ್ಟೇ.
ಟ್ರ್ಯಾಕ್ಟರ್ ಬ್ಯಾಟರಿಯ ಎರಡು ಮನೆಗೂ ಸಾಲದು.

ಆಮೇಲೆ ಸುರುವಾಯಿತು ಹುಚ್ಚು.
ಹೆಚ್ಚು ತುಂಬಿದರೆ ಹೆಚ್ಚು ಬಂದೀತೆಂದು ಗೇಣು ನೀರು ತುಂಬಿದ್ದೆವು;
ಅಷ್ಟಕ್ಕೂ ಬಿಸಿಲು ಹಂಚಿಹೋಗಿ ಯಾವುದೂ ಕಾಯಲಿಲ್ಲ.
ಎರಡು ಬೆರಳಿಗೆ ಇಳಿಸಿದೆವು. ನಾನೂರ ಎಪ್ಪತ್ತು.
ಒಂದು ಬೆರಳು. ಆರುನೂರು.
ತಟ್ಟೆಯ ಕೆಳಗೆ ಕಬ್ಬಿನ ರವದಿ ಒತ್ತಿದೆವು, ಶಾಖ ಸೋರದಂತೆ.
ಗೋಣಿತಟ್ಟಿಗೆ ಕಪ್ಪು ಹಾಕಿಸಿ ಹಾಸಿದೆವು,
ಎಳೆಯೆಳೆಯೂ ಹೀರಿ ಮೈ ಬಿಸಿಲಿಗೆ ಒಡ್ಡಿತು.
ಆದರೆ ಹನಿ, ಗಾಜಿನ ನಡುದಾರಿಯಲ್ಲೇ ದಪ್ಪವಾಗಿ
ಟಪ್ಪೆಂದು ಸವಳಿಗೇ ವಾಪಸು.
ಬೂದಿ ಹಚ್ಚಿ ಗಾಜು ತಿಕ್ಕಿದೆ, ಬೆನ್ನಿಗೊಂದು ಇಟ್ಟಿಗೆ ಏರಿಸಿದೆ,
ಆಗ ಜಾರಿತು, ಸಾಲು ಹಿಡಿದು.
ಆದರೂ ಸಾವಿರ ದಾಟಲೊಲ್ಲದು.

ಹಪ್ಪಳ ಒಣಹಾಕಲು ಮೇಲೆ ಬಂದ ಹುಸೇನಬಿ
ಸೊಂಟಕ್ಕೆ ಕೈಯಿಟ್ಟು ನಿಂತಳು:
‘ದಮ್ ಹಾಕೂವಾಗ ಹಂಡೇಕ್ಕ ಹಿಟ್ಟ ಮೆತ್ತೂದಿಲ್ಲೇನ್ರೀ?
ಉಗಿ ಓಡಿ ಹೋಗಾಕತ್ತೈತಿ.’
ಊದಿನಕಡ್ಡಿ ಹಚ್ಚಿ ಅಂಚಿಗುಂಟ ನಡೆಸಿದಳು.
ಪಡುವಣ ಮೂಲೆಯಲ್ಲಿ ಹೊಗೆ ತಲೆ ಅಲ್ಲಾಡಿಸಿತು.
ಪುಟ್ಟಿ ಮೆತ್ತುವುದು ನನ್ನ ಕಸುಬು. ನಾಚಿಕೆಯಾಯಿತು.

ಮರುದಿನ ಸಂಜೆ ಎರಡು ಲೀಟರಿಗೆ ಹತ್ತು ಮಿಲಿ ಕಡಿಮೆ.
‘ಎರಡಂತ ಬರಿಯೋ,’ ಅಂದೆ. ಬರೆಯಲಿಲ್ಲ.
ಒಂದು ಗುಟುಕು ಕುಡಿದು ಉಗುಳಿದ:
‘ಥೂ, ಏನೂ ಇಲ್ಲ ಇದರಾಗ.
ನಮ್ಮೂರs ಇಲ್ಲ.’

ಮೊನ್ನೆ ಒಬ್ಬ ಹೆಂಗಸು ಕಾರಿಳಿದಳು, ಕೈಯಲ್ಲಿ ಹಳದಿಯಾದ ನನ್ನ ಪಾವತಿ.
ಮರಾಠಿಯಲ್ಲಿ ಸುರು ಮಾಡಿ, ಫೋಟೋ ಕಂಡದ್ದೇ
ಕನ್ನಡಕ್ಕೆ ಹೊರಳಿದಳು: ‘ಈ ಕೂಸು ನಾನs ರೀ.’
ಆಮೇಲೆ ಬೆರಳಿನಿಂದ ಮುಟ್ಟಿ, ‘ಗಾಜು?’

ಏಣಿ ತೋರಿಸಿದೆ. ಚಪ್ಪಲಿ ಬಿಟ್ಟು ಹತ್ತಿದಳು.
ಎಲ್ಲಿ ಮುತ್ಯಾನ ಪಟಗಾ ಇತ್ತೋ ಅಲ್ಲೊಂದು ಹನಿ ಹುಟ್ಟಿ
ಅವ್ವ, ಕಾಕಾ, ಅತ್ತೆಯರ ಜಾಗ ದಾಟಿ
ಕಾಲ್ಗಡಗದ ಹತ್ತಿರ ಪೈಪಿಗಿಳಿಯಿತು.
ಹಾಗೆ ಎಷ್ಟು ನೋಡಿದಳೋ, ಬಗ್ಗಿಯೇ ನಿಂತಿದ್ದಳು.

ಕೆಳಗಿಳಿದು ಕಣ್ಣೊರೆಸಿಕೊಂಡು ಚೌಕಾಸಿ ಮಾಡಿದಳು,
ಗಾಜಿನ ಬಾಬ್ತು ನಾಲ್ಕುನೂರು ಕಡಿಸಿದಳು.
ಬಿಚ್ಚುಮುಖದ ಹನ್ನೊಂದು ಮಂದಿಯನ್ನು
ಪೇಪರಿನಲ್ಲಿ ಸುತ್ತಿ ಹಿಂದಿನ ಸೀಟಿಗೆ ಕೂರಿಸಿದೆ.
ಸಾಬ ಕೇಳದೆಯೇ ಬಾನೆಟ್ ಎತ್ತಿ
ಆರೂ ಮನೆಗೆ ನೀರು ಹೊಯ್ದ, ರೊಕ್ಕ ಮುಟ್ಟಲಿಲ್ಲ.

ಆ ದಿನದ ಲೆಕ್ಕ ಒಂದು ಸಾವಿರದ ಎಂಟುನೂರ ನಲವತ್ತು.
ಕಾರಣದ ಕಾಲಮಿನಲ್ಲಿ ಅವನ ವಂಕಿ ಅಕ್ಷರ:
ಮೋಡ ಇಲ್ಲ.
ಅರ್ಧ ತಾಸು, ಒಬ್ಬರ ನೆರಳು.